ದರೋಜಿ ಈರಮ್ಮನವರ ಬುರ್ರಕಥೆ ಮತ್ತು ನಮ್ಮ ಕಣ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಬೇಕೆಂದು ಅಧ್ಯಕ್ಷರು ಹೇಳಿದಾಗ ನಾನು ಸಾಲ ವಸೂಲಿ ಬಗ್ಗೆ ಬರೆಯೋಣ ಎಂದುಕೊಂಡಿದ್ದೆ. ಆದರೆ ಅದು ವಾರ್ಷಿಕ ವರದಿಯಲ್ಲಿ ಹೇಗೂ ಬರ್ತದೆ, ಓದುವವರು ಯಾರು? ಹಾಗಾಗಿ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಕುಂತಿರುವ ಒಂದು ವಿಷಯ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ಬರವಣಿಗೆಯಲ್ಲಿ ತಪ್ಪಿದ್ದರೆ ಮಾಸ್ತರರು ಮನ್ನಿಸಬೇಕು.

ಮರಿಯಮ್ಮನಹಳ್ಳಿ ಅಂದರೆ ನಾಟಕದ ಊರು, ಇದು ಜಿಲ್ಲೆಗೆಲ್ಲ ಗೊತ್ತು. ರಂಗಕಲಾವಿದೆ ಕೆ. ನಾಗರತ್ನಮ್ಮನವರು ನಮ್ಮ ಊರಿನವರು. ಕಲ್ಲುಕಂಬದಲ್ಲಿ ಹುಟ್ಟಿ ನಮ್ಮಲ್ಲಿ ನೆಲೆ ನಿಂತ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇವರ ಬಗ್ಗೆ ಬರೆಯುವವರು ನನಗಿಂತ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ನಮ್ಮ ಊರಿನವರಲ್ಲದ, ಆದರೆ ನಮ್ಮ ಕಡೆಯ ಕಣಗಳ ಕಾಳಿನಿಂದಲೇ ಬದುಕಿದ ಒಂದು ಕಸುಬಿನ ಬಗ್ಗೆ, ಮತ್ತು ಆ ಕಸುಬಿನಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಮಾಡಿದ ದರೋಜಿಯ ಬುರ್ರಕಥಾ ಈರಮ್ಮನವರ ಬಗ್ಗೆ.

ದರೋಜಿ ಸಂಡೂರು ತಾಲೂಕಿನಲ್ಲಿದೆ. ನಾವು ಹೊಸಪೇಟೆ ದಾಟಿ ಕಮಲಾಪುರದ ಆಚೆ ಹೋಗಬೇಕು. ಈಗಿನ ಹುಡುಗರಿಗೆ ದರೋಜಿ ಅಂದರೆ ಕರಡಿಧಾಮ. 1994ರಲ್ಲಿ ಸರ್ಕಾರ ಅದನ್ನು ಮಾಡಿತು. ಅದಕ್ಕೂ ಎಷ್ಟೋ ಮೊದಲಿಂದ ಅಲ್ಲಿ ಬುಡ್ಗ ಜಂಗಮರು ಇದ್ದಾರೆ. ಮನೆಯಲ್ಲಿ ತೆಲುಗು ಆಡುತ್ತಾರೆ, ಕನ್ನಡದಲ್ಲಿ ಕಥೆ ಹಾಡುತ್ತಾರೆ. ಗಂಡಸರು ಹಗಲುವೇಷ ಕಟ್ಟುವುದೂ ಉಂಟು. ಒಂದು ಊರಿನಲ್ಲಿ ನಿಲ್ಲದೆ ಊರೂರು ತಿರುಗುತ್ತಿದ್ದ ಜನ. ಹೊಲ ಇಲ್ಲ, ಪಹಣಿ ಇಲ್ಲ. ನಮ್ಮಂಥ ಸಂಘಗಳಲ್ಲಿ ಸದಸ್ಯರಾಗಬೇಕೆಂದರೂ ಅವರಿಗೆ ತೋರಿಸಲು ಕಾಗದ ಇರಲಿಲ್ಲ.

ಬುರ್ರ ಅಂದರೆ ಬುರುಡೆ. ಒಬ್ಬರು ತಂಬೂರಿ ಹೆಗಲಿಗೆ ಹಾಕಿಕೊಂಡು ಮುಂದೆ ನಿಂತು ಕಥೆ ಹೇಳ್ತಾರೆ. ಅಕ್ಕಪಕ್ಕ ಇಬ್ಬರು ಸಣ್ಣ ಚರ್ಮದ ವಾದ್ಯ ಬಾರಿಸುತ್ತಾ ಸೊಲ್ಲು ಹಿಡಿಯುತ್ತಾರೆ. ಮುಂದಿನವರು ಒಂದು ಸಾಲು ಹಾಡಿ ಬಿಟ್ಟರೆ ಹಿಂದಿನವರು ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಮುಂದಿನ ಸಾಲು ತಯಾರಾಗಬೇಕು. ಸ್ವಲ್ಪ ಹೊತ್ತು ಹಾಡು, ಸ್ವಲ್ಪ ಹೊತ್ತು ಮಾತು. ಜನ ತೂಕಡಿಸಿದರೆ ಒಂದು ನಗೆಮಾತು. ಮೂರೇ ಮಂದಿ, ಬೆಳಗಾಗುವ ತನಕ. ಬ್ಯಾಂಡ್ ಸೆಟ್ಟಿನವರು ಹತ್ತು ಜನ ಸೇರಿ ಮಾಡುವ ಗದ್ದಲವನ್ನು ಇವರು ಮೂವರೇ ಮಾಡಿ, ಅದರೊಳಗೆ ಒಂದು ರಾಜ್ಯದ ಕಥೆಯನ್ನೂ ಹೇಳಿ ಮುಗಿಸುತ್ತಿದ್ದರು.

ಈರಮ್ಮನವರು ಹುಟ್ಟಿದ್ದು 1930ರಲ್ಲಿ. ತಂದೆ ಲಾಲಪ್ಪನವರಿಂದ ಹನ್ನೆರಡನೇ ವಯಸ್ಸಿಗೆ ಬುರ್ರಕಥೆ ಕಲಿತರು. ಅಂದರೆ 1942ರ ಸುಮಾರು, ಇನ್ನೂ ಬ್ರಿಟಿಷರ ಕಾಲ, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲ. ಶಾಲೆಯ ಮುಖ ನೋಡಿದವರಲ್ಲ. ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮ ಇವರನ್ನು ಜೊತೆ ಮಾಡಿಕೊಂಡು ಮೇಳ ಕಟ್ಟಿದರು. ಮನೆಯ ಹೆಂಗಸರೇ ಸೇರಿ ಮಾಡಿದ ಮೇಳ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಊರಲ್ಲಿ ಹೆಣ್ಣುಮಕ್ಕಳು ರಂಗದ ಮೇಲೆ ನಿಂತರೆ ಜನ ಏನೇನು ಮಾತಾಡುತ್ತಿದ್ದರು ಅನ್ನುವುದು ಹಿರಿಯರಿಗೆ ಗೊತ್ತಿದೆ. ಇವರು ರಂಗದ ಮೇಲೂ ಅಲ್ಲ, ಪರಊರಿನ ಕಣದಲ್ಲಿ, ಬಯಲಿನಲ್ಲಿ, ಲಾಟೀನು ಬೆಳಕಿನಲ್ಲಿ ನಿಂತು ಹಾಡಿದವರು.

ಅವರ ಬಾಯಲ್ಲಿ ಇದ್ದದ್ದು ಹನ್ನೆರಡು ಕಾವ್ಯ. ಕುಮಾರರಾಮ, ಬಾಲನಾಗಮ್ಮ, ಜಯಸಿಂಗರಾಜ, ಬಬ್ಬುಲಿ ನಾಗಿರೆಡ್ಡಿ ಇವೆಲ್ಲ ಅದರಲ್ಲಿ ಸೇರಿದವು. ಎಲ್ಲವನ್ನೂ ಅಚ್ಚು ಹಾಕಿದರೆ 7,000 ಪುಟ ಆಗುತ್ತದೆಂದು ಲೆಕ್ಕ ಹಾಕಿದ್ದಾರೆ. ನಮ್ಮ ಸಂಘದ ಇಪ್ಪತ್ತೈದು ವರ್ಷದ ನಡಾವಳಿ ಪುಸ್ತಕ ಎಲ್ಲ ಒಟ್ಟು ಮಾಡಿದರೂ ಅಷ್ಟು ಪುಟ ಆಗಲಿಕ್ಕಿಲ್ಲ. ನಾವು ಅದರಲ್ಲಿ ಹೋದ ತಿಂಗಳು ಏನು ಬರೆದೆವು ಅನ್ನೋದೇ ಕಾರ್ಯದರ್ಶಿಯನ್ನು ಕೇಳಿ ತಿಳಿಯಬೇಕು.

ಬಾಲನಾಗಮ್ಮ ಸಿನಿಮಾ ಆಗಿಯೂ ಬಂದ ಕಥೆ. 1942ರಲ್ಲಿ ಜೆಮಿನಿಯವರು ತೆಲುಗಿನಲ್ಲಿ ತೆಗೆದರು, 1966ರಲ್ಲಿ ಕನ್ನಡದಲ್ಲಿ ರಾಜ್‌ಕುಮಾರ್ ಅವರ ಚಿತ್ರ ಬಂತು. ಆದರೆ ನಮ್ಮ ಕಡೆ ಜನ ಕೇಳಿ ಕೇಳಿ ಹಾಡಿಸುತ್ತಿದ್ದದ್ದು ಕುಮಾರರಾಮನ ಕಥೆಯನ್ನೇ. ಯಾಕೆಂದರೆ ಅದು ಇದೇ ನೆಲದ್ದು. ಕಂಪ್ಲಿ ಅನ್ನುವ ಊರಿನ ಹೆಸರಿನಲ್ಲೇ ಆ ರಾಜ್ಯ ಇತ್ತು. ಕಂಪಿಲರಾಯನ ಮಗ ರಾಮ. ಚೆಂಡಾಡುವಾಗ ಚೆಂಡು ಹೋಗಿ ಚಿಕ್ಕತಾಯಿ ರತ್ನಾಜಿಯ ಅರಮನೆ ಅಂಗಳಕ್ಕೆ ಬೀಳುತ್ತದೆ. ತರಲು ಹೋದ ಮಗನ ಮೇಲೆ ಆಕೆ ಮನಸ್ಸು ಮಾಡುತ್ತಾಳೆ. ಅವನು ಒಪ್ಪದಿದ್ದಾಗ ಗಂಡನಿಗೆ ಇಲ್ಲದ್ದು ಹೇಳುತ್ತಾಳೆ. ರಾಜ ಹಿಂದೆ ಮುಂದೆ ನೋಡದೆ ತಲೆ ತೆಗೆಸಲು ಹೇಳಿದರೆ ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ. ಮುಂದೆ ದಿಲ್ಲಿ ಸೈನ್ಯ ಬಂದಾಗ ಅದೇ ಮಗ ಹೊರಗೆ ಬಂದು ಕಾದಾಡಿ ಸಾಯುತ್ತಾನೆ. ಚರಿತ್ರೆಯಲ್ಲಿ ಕಂಪಿಲಿ ರಾಜ್ಯ ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಬಿದ್ದದ್ದು 1327ರ ಸುಮಾರಿಗೆ. ವಿಜಯನಗರ ಹುಟ್ಟುವ ಹತ್ತು ವರ್ಷದ ಹಿಂದಿನ ಮಾತು. ಹಂಪಿ ನೋಡಲು ಪರದೇಶದಿಂದ ಜನ ಬರುತ್ತಾರೆ, ಕುಮಾರರಾಮನ ಹೆಸರು ಯಾವ ಗೈಡೂ ಹೇಳುವುದಿಲ್ಲ. ಅದನ್ನು ಹೇಳುತ್ತಾ ಬಂದವರು ಈ ತಂಬೂರಿಯವರು.

ನಾನು ಈರಮ್ಮನವರನ್ನು ಹತ್ತಿರದಿಂದ ಕಂಡವನಲ್ಲ. ಅವರ ಪರಿಚಯ ಇತ್ತು ಎಂದು ಹೇಳಿಕೊಂಡು ದೊಡ್ಡವನಾಗುವ ಆಸೆ ನನಗಿಲ್ಲ. ನಾನು ಕಂಡದ್ದು ಬೇರೆ ಒಂದು ಮೇಳ. ಅದನ್ನು ಹೇಳಲೇಬೇಕು.

1989ನೇ ಇಸವಿ, ನಾನು ಐದನೇ ಕ್ಲಾಸು. ಹಿಂಗಾರಿ ಜೋಳದ ರಾಶಿ ನಡೆದಿತ್ತು. ಆಗ ಟ್ರ್ಯಾಕ್ಟರು ಕೆಲವರಲ್ಲಿ ಬಂದಿತ್ತು, ನಮ್ಮದು ಮಾತ್ರ ಹಂತಿಯೇ. ಕಣ ಮಾಡಿ, ನೀರು ಹೊಡೆದು, ಸಗಣಿ ಸಾರಿಸಿ, ಮಧ್ಯೆ ಮೇಟಿ ನಿಲ್ಲಿಸಿ, ಎತ್ತು ತಿರುಗಿಸುತ್ತಿದ್ದೆವು. ಸುಗ್ಗಿ ಬಂತೆಂದರೆ ಕಣಕ್ಕೆ ಬರುವವರು ಬಹಳ. ಆಯಗಾರರು ಸರಿ, ಅವರ ಪಾಲು ಅವರದು. ಅವರಲ್ಲದೆ ಹಗಲುವೇಷದವರು, ಸುಡುಗಾಡು ಸಿದ್ಧರು, ಗೊಂದಲಿಗರು, ಕೊನೆಗೆ ಈ ಬುರ್ರಕಥೆಯವರು. ನಮ್ಮ ಅಜ್ಜಿ ಯಾರನ್ನೂ ಬರಿಗೈಲಿ ಕಳಿಸಿದವಳಲ್ಲ. ಆಕಿ ನಾರಾಯಣದೇವರಕೆರೆಯಲ್ಲಿ ಹುಟ್ಟಿದವಳು. ಆ ಊರು ತುಂಗಭದ್ರಾ ಜಲಾಶಯದ ನೀರಿನಲ್ಲಿ ಹೋದಾಗ ಆಕಿಗೆ ಮದುವೆಯಾಗಿ ಎರಡು ಮಕ್ಕಳು. ಊರು ಹೋದ ಮೇಲೂ ಆ ಊರಿನ ಕಣಕ್ಕೆ ಬರುತ್ತಿದ್ದ ಮೇಳದವರು ದಾರಿ ಕೇಳಿಕೊಂಡು ಮರಿಯಮ್ಮನಹಳ್ಳಿಗೆ ಬಂದರು ಎಂದು ಹೇಳುತ್ತಿದ್ದಳು. "ನಮ್ಮ ಬಂಧು ಬಳಗ ಕೆಲವರು ಮತ್ತೆ ಮುಖ ತೋರಿಸಲಿಲ್ಲ, ಇವರು ಹುಡುಕ್ಯಂಡು ಬಂದ್ರು ನೋಡಪ್ಪ" ಅನ್ನೋಳು.

ಆ ವರ್ಷ ಸಂಜೆ ಹೊತ್ತು ಮೂರು ಜನ ಹೆಂಗಸರು ಬಂದರು. ಒಬ್ಬಾಕಿಗೆ ವಯಸ್ಸಾಗಿತ್ತು, ತಂಬೂರಿ ಆಕಿಯ ಹತ್ತಿರ. ಅಜ್ಜಿ "ಬರ್ರಿ ಯವ್ವಾ, ಕುಂದರ್ರಿ, ಮೊದಲು ಬುತ್ತಿ ಉಣ್ರಿ" ಅಂದಳು. ಉಂಡಾದ ಮೇಲೆ, "ರಾಮನ ಕಥಿ ಹೇಳ್ರಿ, ಚೆಂಡಿನ ಸಂಧಿ ಬಿಡಬ್ಯಾಡ್ರಿ" ಅಂದಳು.

ನಮ್ಮ ದೊಡ್ಡಪ್ಪನ ಮಗ, ಲಾರಿ ಮೇಲೆ ಹೋಗುತ್ತಿದ್ದ ಅಣ್ಣ, ಆ ವಾರ ಊರಿಗೆ ಬಂದಿದ್ದ. ಬೊಂಬಾಯಿ ಕಡೆಯಿಂದ ಒಂದು ಟೇಪ್ ರೆಕಾರ್ಡರ್ ತಂದಿದ್ದ. ಕಣದಲ್ಲಿ ಕರೆಂಟು ಎಲ್ಲಿದೆ? ಆರು ದೊಡ್ಡ ಸೆಲ್ಲು ಹಾಕಿ, ಜೋಳದ ಚೀಲದ ಮೇಲೆ ಇಟ್ಟು, ಕೆಂಪು ಗುಂಡಿ ಒತ್ತಿದ. ಕ್ಯಾಸೆಟ್ ಒಂದು ಮಗ್ಗುಲಿಗೆ ಅರ್ಧ ತಾಸು. ಕಥೆ ಬೆಳಗಿನ ಜಾವದ ತನಕ. ಅವನ ಹತ್ತಿರ ಇದ್ದದ್ದು ಎರಡೇ ಖಾಲಿ ಕ್ಯಾಸೆಟ್ಟು. ಮಗ್ಗುಲು ತಿರುವಬೇಕಾದಾಗ "ಅಮ್ಮಾ, ಒಂದು ನಿಮಿಷ ನಿಲ್ರಿ" ಅಂತ ಕೈ ಎತ್ತಿದ. ಆಕಿ ನಿಲ್ಲಲಿಲ್ಲ. ನಿಂತರೆ ಹಿಂದಿನ ಇಬ್ಬರ ಸೊಲ್ಲು ಕಡಿದು ಹೋಗುತ್ತದೆ. ಕ್ಯಾಸೆಟ್ಟು ತಿರುವುವ ಹೊತ್ತಿಗೆ ರಾಮ ಚೆಂಡು ತರಲು ಅಂಗಳಕ್ಕೆ ಹೋಗಿಯಾಗಿತ್ತು. ಎರಡು ತಾಸಿನದ್ದು ಹಿಡಿದದ್ದು, ಮಿಕ್ಕಿದ ರಾತ್ರಿ ನಮ್ಮ ಕಿವಿಗೆ ಮಾತ್ರ. ವಾದ್ಯದವರು ಮೆಷಿನ್ನಿನ ಪಕ್ಕಕ್ಕೇ ನಿಂತಿದ್ದರಿಂದ ಮರುದಿನ ಹಾಕಿ ಕೇಳಿದರೆ ಢಬ ಢಬ ಶಬ್ದವೇ ಹೆಚ್ಚು, ಅಜ್ಜಿ ವಯಸ್ಸಿನ ಆ ತಾಯಿಯ ದನಿ ದೂರದಿಂದ ಬಂದಂಗೆ. ಆದರೂ ಮನೆಯವರೆಲ್ಲ ಸುತ್ತ ಕುಂತು ಕೇಳಿದೆವು. ಬೆಳಿಗ್ಗೆ ಅಜ್ಜಿ ಅವರ ಜೋಳಿಗೆಗೆ ಮೊರ ತುಂಬಾ ಜೋಳ ಸುರಿದಳು, ಒಂದೊಂದು ಕುಬಸದ ಕಣ ಕೊಟ್ಟಳು. ಯಾವ ಊರಿನವರು, ಹೆಸರೇನು ಎಂದು ನಾವು ಮಕ್ಕಳು ಕೇಳಲಿಲ್ಲ. ಕೇಳಬೇಕು ಅನ್ನುವುದೇ ಹೊಳೆಯಲಿಲ್ಲ.

ಈಗ ಈರಮ್ಮನವರ ವಿಷಯಕ್ಕೆ ಬರುತ್ತೇನೆ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆಯಿತು. ಬಾಯಿ ಮಾತಿನಲ್ಲಿ ಇರುವ ಕಾವ್ಯಗಳನ್ನು ಹಾಡಿಸಿ, ಟೇಪಿನಲ್ಲಿ ಹಿಡಿದು, ಬರೆದು, ಅಚ್ಚು ಹಾಕುವ ಕೆಲಸ ಅಲ್ಲಿ ಶುರುವಾಯಿತು. ಈರಮ್ಮನವರ ಹಲವು ಕಾವ್ಯ ಹೀಗೆ ಪುಸ್ತಕವಾಗಿ ಬಂದವು. ಸಹಿ ಮಾಡಲು ಬರದ ಹೆಣ್ಣುಮಗಳ ಕಾವ್ಯ ಎಂ.ಎ. ಓದುವ ಹುಡುಗರ ಕೈಗೆ ಬಂತು. ಇದು ಹೇಳಿದಷ್ಟು ಸುಲಭದ ಕೆಲಸ ಅಲ್ಲ. ನಮ್ಮ ಸಂಬಂಧಿಕರ ಹುಡುಗನೊಬ್ಬ ಇಂಥದೇ ಕೆಲಸ ಸ್ವಲ್ಪ ದಿನ ಮಾಡಿದ್ದ. ಒಂದು ತಾಸಿನ ಹಾಡನ್ನು ಕೇಳಿ ಕೇಳಿ ಬರೆದುಕೊಳ್ಳಲು ಇಡೀ ದಿನ ಸಾಲದು ಅನ್ನುತ್ತಿದ್ದ. ಹಾಡುವವರು ಹೇಳಿದ ಮಾತು ಯಾವುದು, ಸೊಲ್ಲಿಗಾಗಿ ಎಳೆದದ್ದು ಯಾವುದು, ತೆಲುಗಿನದ್ದು ಯಾವುದು, ನಮ್ಮ ಕಡೆಯದ್ದು ಯಾವುದು ಎಲ್ಲ ನೋಡಬೇಕಲ್ಲ.

ಅವನೇ ನನಗೆ ಇನ್ನೊಂದು ಸಂಗತಿ ಹೇಳಿದ. 1935ರಲ್ಲಿ ಅಮೆರಿಕದ ಮಿಲ್ಮನ್ ಪ್ಯಾರಿ ಎಂಬ ಪಂಡಿತರು ಆಗಿನ ಯುಗೋಸ್ಲಾವಿಯಾ ದೇಶದ ಹಳ್ಳಿಗಳಿಗೆ ಧ್ವನಿಮುದ್ರಣದ ಯಂತ್ರ ಹೊತ್ತುಕೊಂಡು ಹೋದರಂತೆ. ಅಲ್ಲಿ ಅವ್ದೊ ಮೆಜೆದೋವಿಚ್ ಎಂಬ ಓದು ಬರಹ ಬಾರದ ಒಬ್ಬ ಕಟುಕ ಸಿಕ್ಕ. ಅವನು ದಿನಗಟ್ಟಲೆ ಹೇಳಿ ಬರೆಸಿದ ಒಂದೇ ಕಥೆ 12,000 ಸಾಲು ದಾಟಿತು. ಅವನು ಹಾಡಿದ್ದನ್ನು ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಹಿಡಿದರು. ಇಷ್ಟು ನೆನಪು ಹೇಗೆ ಇರುತ್ತದೆ ಅನ್ನುವುದಕ್ಕೆ ಆ ಪಂಡಿತರು ಕಂಡುಕೊಂಡ ಉತ್ತರ ಏನೆಂದರೆ, ಅವರು ಮಗ್ಗಿಯಂತೆ ಬಾಯಿಪಾಠ ಮಾಡಿದ್ದಲ್ಲ. ಕುದುರೆ ಸಿಂಗಾರ ಮಾಡುವುದು, ಓಲೆ ಬರುವುದು, ದಂಡು ಹೊರಡುವುದು, ಹೆಂಡತಿ ಅಳುವುದು, ಇವಕ್ಕೆಲ್ಲ ತಯಾರಾದ ಸಾಲುಗಳು ಅವರ ಬಾಯಲ್ಲಿ ಇರುತ್ತವೆ. ಕಥೆಯ ದಾರಿ ಗೊತ್ತಿರುತ್ತದೆ. ಎದುರಿಗೆ ಕುಂತ ಜನರನ್ನು ನೋಡಿ ಆ ರಾತ್ರಿಗೆ ಬೇಕಾದಂತೆ ಕಟ್ಟುತ್ತಾ ಹೋಗುತ್ತಾರೆ. ಗೌಂಡಿ ಕೈಯಲ್ಲಿ ಇಟ್ಟಿಗೆ ಇದ್ದಂತೆ ಎಂದು ನಾನು ತಿಳಿದುಕೊಂಡೆ.

ಇದು ಕೇಳಿದಾಗ ನನಗೆ ನಮ್ಮ ಕಣ ನೆನಪಾಯಿತು. ಅಜ್ಜಿ ಚೆಂಡಿನ ಸಂಧಿ ಬಿಡಬ್ಯಾಡ್ರಿ ಅಂದದ್ದಕ್ಕೆ ಆ ತಾಯಿ ಅದನ್ನೇ ಒಂದು ತಾಸು ಬೆಳೆಸಿದ್ದಳು. ಪಕ್ಕದ ಕಣದಲ್ಲಿ ಇನ್ನು ಯಾರೋ ಯುದ್ಧ ಕೇಳಿದ್ದರೆ ಯುದ್ಧ ಬೆಳೆಯುತ್ತಿತ್ತು. ಹಾಗಾದರೆ ಪುಸ್ತಕದಲ್ಲಿ ಬಂದಿರುವುದು ಈರಮ್ಮನವರ ಕಾವ್ಯದ ಒಂದು ಸಲದ ರೂಪ. 1942ರಿಂದ ಎಷ್ಟು ಸುಗ್ಗಿ, ಎಷ್ಟು ಕಣ, ಅಷ್ಟು ಸಲ ಅದು ಬೇರೆ ಬೇರೆಯಾಗಿ ಆಗಿ ಹೋಗಿದೆ. ಅದರಲ್ಲಿ ಕೇಳುವವರ ಪಾಲೂ ಇತ್ತು. ವಿಶ್ವವಿದ್ಯಾಲಯದವರು ಇಲ್ಲದಿದ್ದರೆ ಆ ಒಂದು ಸಲದ್ದೂ ನಮಗೆ ಉಳಿಯುತ್ತಿರಲಿಲ್ಲ, ಆ ಉಪಕಾರ ದೊಡ್ಡದು. ಆದರೆ ಟೇಪಿನವರು ಬಂದ ಕಾಲದಲ್ಲಿಯೇ ನಾವು ಕೇಳುವುದನ್ನು ಬಿಟ್ಟೆವು. ಟಿ.ವಿ. ಬಂತು, ಟ್ರ್ಯಾಕ್ಟರ್ ಬಂತು, ಆಮೇಲೆ ರಾಶಿ ಮಾಡುವ ಮೆಷಿನ್ನು ಬಂತು. ಜೋಳ ಹೋಗಿ ಮೆಕ್ಕೆಜೋಳ ಆಯಿತು. ಈಗ ಹೊಲದಲ್ಲೇ ಚೀಲ ತುಂಬಿ ಅಲ್ಲಿಂದಲೇ ಲಾರಿಗೆ ಏರಿಸುತ್ತೇವೆ. ಕಣ ಇಲ್ಲದ ಮೇಲೆ ಕಣಕ್ಕೆ ಬರುವವರು ಎಲ್ಲಿಗೆ ಬರಬೇಕು? ಯಾರನ್ನೂ ದೂರುತ್ತಿಲ್ಲ. ನಾನೂ ಮೆಷಿನ್ನಿಗೇ ಕೊಡುವವನು, ಹಂತಿ ಹೊಡೆಯುತ್ತೇನೆಂದು ಹೊರಟರೆ ಆಳಿನ ಕೂಲಿಗೆ ಅರ್ಧ ಬೆಳೆ ಬೇಕು.

ಈರಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದದ್ದು 1999ರಲ್ಲಿ. ಆಗ ಅವರಿಗೆ ಅರವತ್ತೊಂಬತ್ತು. ಕಲಿತು ಐವತ್ತೇಳು ವರ್ಷ ಆಗಿತ್ತು. ಹಂಪಿ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು. ತಮ್ಮ ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳದೆ ಬೇರೆಯವರಿಗೂ ಕಲಿಸಿದರು. 2014ರ ಆಗಸ್ಟ್ 12ರಂದು ಬಳ್ಳಾರಿಯಲ್ಲಿ ತೀರಿಕೊಂಡರು. ದರೋಜಿಯಲ್ಲಿ ಮಣ್ಣಾಯಿತು.

ಮರುದಿನ ಪೇಪರಿನಲ್ಲಿ ಅವರ ಫೋಟೋ ನೋಡಿದೆ, ತಂಬೂರಿ ಹಿಡಿದ ಫೋಟೋ. ನಮ್ಮ ಕಣಕ್ಕೆ ಬಂದಿದ್ದ ಆ ತಾಯಿ ಇವರೇ ಇರಬಹುದಾ ಎಂದು ಬಹಳ ಹೊತ್ತು ನೋಡಿದೆ. ಹತ್ತು ವರ್ಷದ ಹುಡುಗ ಲಾಟೀನು ಬೆಳಕಿನಲ್ಲಿ ಕಂಡ ಮುಖ, ಇಪ್ಪತ್ತೈದು ವರ್ಷದ ನಂತರ ಹೇಗೆ ಹೇಳುವುದು? ಅಜ್ಜಿ ಇದ್ದಿದ್ದರೆ ದನಿ ಕೇಳಿ ಹೇಳುತ್ತಿದ್ದಳು. ಅಟ್ಟ ಹತ್ತಿ ಟ್ರಂಕು ಇಳಿಸಿದೆ. ಕ್ಯಾಸೆಟ್ಟು ಎರಡೂ ಇದ್ದವು. ಮೇಲೆ ಅಣ್ಣನ ಅಕ್ಷರ: "ಕುಮಾರರಾಮ 1", "ಕುಮಾರರಾಮ 2". ಟೇಪ್ ರೆಕಾರ್ಡರ್ ಕೆಟ್ಟು ಎಷ್ಟೋ ವರ್ಷ ಆಗಿತ್ತು. ಹೊಸಪೇಟೆಯಲ್ಲಿ ಪರಿಚಯದವರ ಮನೆಗೆ ಒಯ್ದು ಹಾಕಿಸಿದೆ.

ಹಾಕಿದರೆ ಸಿನಿಮಾ ಹಾಡು.

ಆಗ ನೆನಪಾಯಿತು. ಎಸ್ಸೆಸ್ಸೆಲ್ಸಿ ಮುಗಿದ ವರ್ಷ, ಹೊಸ ಕ್ಯಾಸೆಟ್ಟಿಗೆ ರೊಕ್ಕ ಇಲ್ಲದೆ, ಗೆಳೆಯನ ಕಡೆಯಿಂದ ಹಾಡು ತುಂಬಿಸಿಕೊಳ್ಳಲು ಇವನ್ನೇ ಕೊಟ್ಟವನು ನಾನು. ಆ ಹಾಡುಗಳು ಇವತ್ತು ಯಾವ ಮೊಬೈಲಿನಲ್ಲಿ ಒತ್ತಿದರೂ ಬರುತ್ತವೆ. ಅವತ್ತು ಅಜ್ಜಿಗೆ ಹೇಳಿರಲಿಲ್ಲ. ಅಣ್ಣನಿಗೆ ಇವತ್ತಿಗೂ ಹೇಳಿಲ್ಲ, ಇದು ಅಚ್ಚಾದ ಮೇಲೆ ಓದಿಕೊಳ್ಳಲಿ.

ಎರಡನೇ ಕ್ಯಾಸೆಟ್ಟಿನ ಕೊನೆ ಮಗ್ಗುಲಿನಲ್ಲಿ ಸಿನಿಮಾ ಹಾಡು ಸ್ವಲ್ಪ ಮುಂಚೆ ಮುಗಿದಿದೆ. ಅದಾದ ಮೇಲೆ ಟಕ್ ಎಂದು ಒಂದು ಶಬ್ದ, ಆಮೇಲೆ ಎರಡು ನಿಮಿಷ ನಮ್ಮ ಕಣ. ವಾದ್ಯದ ಬಡಿತ, ಹಿಂದಿನ ಇಬ್ಬರ ಸೊಲ್ಲು, ತಂಬೂರಿ. ದೂರದಲ್ಲಿ ಆ ತಾಯಿಯ ದನಿ, ಮಾತು ತಿಳಿಯುವುದಿಲ್ಲ. ನಡುವೆ ಅಜ್ಜಿ ಯಾರಿಗೋ "ಎತ್ತಿಗೆ ನೀರು ತೋರಿಸ್ರೋ" ಅನ್ನುತ್ತಾಳೆ. ಅಷ್ಟೇ, ರೀಲು ಮುಗಿಯುತ್ತದೆ. ಅದನ್ನು ಈಗ ಮೊಬೈಲಿಗೆ ಹಾಕಿಸಿಕೊಂಡಿದ್ದೇನೆ. ಕೇಳಬೇಕೆನ್ನುವವರು ಮನೆಗೆ ಬರಬಹುದು.

ಸದಸ್ಯರಲ್ಲಿ ಒಂದು ವಿನಂತಿ. ನಮ್ಮ ಊರಿನಲ್ಲಿ ನಾಟಕದ ಹಾಡು, ಹಾರ್ಮೋನಿಯಂ ಮೇಷ್ಟ್ರ ತಾಲೀಮು, ಜೋಗತಿಯರ ಚೌಡಿಕೆ ಪದ, ಭಜನೆ, ಸೋಬಾನೆ ಇಂಥವನ್ನು ಆ ಕಾಲದಲ್ಲಿ ಟೇಪಿನಲ್ಲಿ ಹಿಡಿದವರು ಬಹಳ ಮನೆಯವರು ಇದ್ದಾರೆ. ಅಟ್ಟದ ಮೇಲೆ, ಟ್ರಂಕಿನಲ್ಲಿ, ದೇವರ ಗೂಡಿನಲ್ಲಿ ಹುಡುಕಿ. ಸಿಕ್ಕರೆ ಸಂಘದ ಕಚೇರಿಗೆ ತನ್ನಿ. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಎಂದು ಗೊತ್ತಿದ್ದಷ್ಟು ಚೀಟಿಯಲ್ಲಿ ಬರೆದು ತನ್ನಿ. ಕಂಪ್ಯೂಟರಿಗೆ ಹಾಕಿಸಿ ಕ್ಯಾಸೆಟ್ಟು ನಿಮಗೇ ವಾಪಸು ಕೊಡುವ ವ್ಯವಸ್ಥೆ ಮಾಡೋಣ ಎಂದು ಆಡಳಿತ ಮಂಡಳಿಯ ಮುಂದೆ ಇಟ್ಟಿದ್ದೇನೆ. ತರುವ ಮೊದಲು ಒಂದು ಕೆಲಸ ಮಾಡಿ. ಕ್ಯಾಸೆಟ್ಟಿನ ಬೆನ್ನ ಕಡೆ ಎರಡು ತುದಿಗೆ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಇರುತ್ತವೆ. ಅವನ್ನು ಮುರಿದುಬಿಡಿ. ಮುರಿದರೆ ಕೆಂಪು ಗುಂಡಿ ಒತ್ತಲು ಬರುವುದಿಲ್ಲ.